ಕ್ಯಾಸೆಟ್ಟಿನ ಎರಡು ಮಗ್ಗುಲು: ಹಾಡು ಮತ್ತು ಗಾಳಿಮಾತು

1990ರ ಸೆಪ್ಟೆಂಬರ್ 30, ಭಾನುವಾರ. ದಾವಣಗೆರೆ ತಾಲ್ಲೂಕಿನ ಆನಗೋಡು ಎಂಬ ಹೆದ್ದಾರಿ ಬದಿಯ ಊರಿನ ಬಳಿ ನಡೆದ ಕಾರು ಅಪಘಾತದಲ್ಲಿ ನಟ, ನಿರ್ದೇಶಕ ಶಂಕರ್‌ನಾಗ್ ತೀರಿಕೊಂಡರು. ಅವರಿಗಿನ್ನೂ 36 ತುಂಬಿರಲಿಲ್ಲ. ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆಂದು ಲೋಕಾಪುರದ ಕಡೆಗೆ ಹೊರಟಿದ್ದ ಪಯಣ ಅರ್ಧ ದಾರಿಯಲ್ಲೇ ನಿಂತಿತು.

ಭಾನುವಾರದ ಪತ್ರಿಕೆ ಆಗಲೇ ಅಚ್ಚಾಗಿ ಊರು ಸೇರಿತ್ತು. ಅಚ್ಚಿನ ಸುದ್ದಿಗೆ ಸೋಮವಾರದವರೆಗೆ ಕಾಯಬೇಕು. ಖಾಸಗಿ ಟಿ.ವಿ. ವಾಹಿನಿಗಳು ಇನ್ನೂ ಬಂದಿರಲಿಲ್ಲ. ಆಕಾಶವಾಣಿಯ ವಾರ್ತೆಯ ಹೊತ್ತಾಗುವ ತನಕ ಸುತ್ತಲ ಸೀಮೆಗೆ ಸುದ್ದಿ ಒಯ್ಯಬಲ್ಲದ್ದು ಬಸ್ಸು, ಲಾರಿ ಮತ್ತು ಬಾಯಿ. ಬಾಯಿಯಿಂದ ಬಾಯಿಗೆ ಹೋದ ಮಾತು ಹೊರಟ ಹಾಗೆಯೇ ತಲುಪುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಶಂಕರ್‌ನಾಗ್ ಸಾವಿನ ಸುತ್ತಲೂ ಅಂತೆಕಂತೆಗಳು ಹುಟ್ಟಿದವು; ಅವು ವರ್ಷಗಟ್ಟಲೆ ಓಡಾಡಿದವು.

ಆದರೆ ಅದೇ ಬಸ್ಸುಗಳಲ್ಲಿ ಇನ್ನೊಂದು ವಸ್ತುವೂ ಪಯಣಿಸುತ್ತಿತ್ತು. ಚಾಲಕನ ತಲೆಯ ಮೇಲಿನ ಟೇಪ್ ರೆಕಾರ್ಡರಿನಲ್ಲಿ ‘ಗೀತಾ’ (1981) ಚಿತ್ರದ ಹಾಡುಗಳು, ಇಳಯರಾಜ ಅವರ ಸಂಗೀತದಲ್ಲಿ, ತೀರಿಹೋದ ನಟನನ್ನು ಮತ್ತೆ ಮತ್ತೆ ಕರೆತರುತ್ತಿದ್ದವು. ಹಾಡು ಮತ್ತು ಗಾಳಿಮಾತು ಒಂದೇ ಬಸ್ಸು ಹತ್ತಿ, ಒಂದೇ ನಿಲ್ದಾಣದಲ್ಲಿ ಇಳಿದವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲಿ ತೊಂಬತ್ತರ ದಶಕದ ತಾರಾಲೋಕ ಕಟ್ಟಿಕೊಂಡದ್ದು ಈ ಎರಡರಿಂದ. ಇಂದು ಆ ದಶಕವನ್ನು ಹಂಬಲದಿಂದ ನೆನೆಯುವವರು ಬಹಳ. ಆ ನೆನಪಿನಲ್ಲಿ ಹಾಡಿನ ಪಾಲೆಷ್ಟು, ಗಾಳಿಮಾತಿನ ಪಾಲೆಷ್ಟು, ಎರಡರ ನಡುವೆ ಬಿಟ್ಟುಹೋದದ್ದು ಏನು ಎಂಬ ಲೆಕ್ಕ ಮಾತ್ರ ಯಾರೂ ಹಾಕಿದಂತಿಲ್ಲ.

ನೀರಿಗಿಂತ ಮೊದಲು ಬಂದ ಹಾಡು

ಈ ನಾಲ್ಕೂ ಊರುಗಳು ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ದಶಕದ ಆರಂಭದಲ್ಲಿ ಹಾಗಿರಲಿಲ್ಲ. ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು; ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಂದು ಊರು; ಜಗಳೂರು, ದಾವಣಗೆರೆಯ ಹಾಗೆಯೇ, ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. 1997ರ ಆಗಸ್ಟ್ 15ರಂದು ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ಇವು ಒಂದೇ ಆಡಳಿತದ ಕೆಳಗೆ ಬಂದವು. ನ್ಯಾಮತಿ ತಾಲ್ಲೂಕಾದದ್ದು ಇನ್ನೂ ಈಚೆಗೆ.

ಊರುಗಳ ಸ್ವಭಾವವೂ ಬೇರೆ ಬೇರೆ. ಚನ್ನಗಿರಿ ಅಡಿಕೆಯ ಸೀಮೆ, ಸೂಳೆಕೆರೆ ಎಂಬ ಶಾಂತಿಸಾಗರದ ನೆರೆ. ಹೊನ್ನಾಳಿ ತುಂಗಭದ್ರೆಯ ದಂಡೆಯಲ್ಲಿದೆ. ನ್ಯಾಮತಿ ಮಲೆನಾಡಿಗೂ ಬಯಲಿಗೂ ನಡುವಿನ ಹೊಸ್ತಿಲು. ಜಗಳೂರು ಮಾತ್ರ ಮಳೆಯನ್ನೇ ನಂಬಿದ ಬಯಲು. ನಾಲ್ಕಕ್ಕೂ ಸಮಾನವಾದದ್ದು ಒಂದು: ಯಾವ ಊರಿಗೂ ರೈಲು ಇರಲಿಲ್ಲ. ಬಂದದ್ದೆಲ್ಲ ಬಸ್ಸಿನಲ್ಲೇ ಬರಬೇಕು, ಇಲ್ಲವೇ ಗಾಳಿಯಲ್ಲಿ.

ಗಾಳಿಯಲ್ಲಿ ಬಂದದ್ದು ಬಾನುಲಿ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಈ ಸೀಮೆಯ ಮೊದಲ ಸಂಗೀತ ಶಾಲೆ ಎನ್ನಬಹುದು. ಭದ್ರೆಯ ನೀರು ಜಗಳೂರಿಗೆ ಬರಲಿಲ್ಲ. ಭದ್ರಾವತಿಯ ಹಾಡು ಬಂತು. ಕೋರಿಕೆಯ ಚಿತ್ರಗೀತೆಗಳ ಕಾರ್ಯಕ್ರಮದಲ್ಲಿ ಹಾಡಿಗಿಂತ ಮೊದಲು ಓದುತ್ತಿದ್ದ ಹೆಸರುಗಳ ಪಟ್ಟಿಗೆ ತನ್ನದೇ ಆಕರ್ಷಣೆ ಇತ್ತು. ಅಂಚೆ ಕಾರ್ಡು ಬರೆದು ಹಾಕಿ, ವಾರಗಟ್ಟಲೆ ಕಾದು, ತಮ್ಮ ಹೆಸರು ತಮ್ಮ ಊರಿನ ಹೆಸರಿನೊಡನೆ ಕೇಳಿಬಂದ ಆ ಕ್ಷಣ ಸಾಮಾನ್ಯ ಕೇಳುಗನಿಗೆ ಸಿಕ್ಕ ತಾರಾಪಟ್ಟ. ಆದರೆ ಬಾನುಲಿಯ ಹಾಡು ಕೇಳುಗನ ಕೈಯಲ್ಲಿರಲಿಲ್ಲ. ಅದು ಬಂದಾಗ ಕೇಳಬೇಕು, ಹೋದಾಗ ಬಿಡಬೇಕು. ಆ ಅಧೀನತೆಯನ್ನು ಮುರಿದದ್ದು ಕ್ಯಾಸೆಟ್.

ಅಂಗೈಯಗಲದ ಕ್ರಾಂತಿ

ಡಚ್ ಕಂಪನಿ ಫಿಲಿಪ್ಸ್ 1963ರಲ್ಲಿ ಹೊರತಂದ ಕ್ಯಾಸೆಟ್ ಮೂಲತಃ ಮಾತು ಮುದ್ರಿಸಿಕೊಳ್ಳುವ ಸಾಧನ. ಸುಮಾರು ನಾಲ್ಕು ಮಿಲಿಮೀಟರ್ ಅಗಲದ, ಕಬ್ಬಿಣದ ಆಕ್ಸೈಡ್ ಲೇಪಿಸಿದ ಪಟ್ಟಿ ಸೆಕೆಂಡಿಗೆ ಐದು ಸೆಂಟಿಮೀಟರಿಗೂ ಕಡಿಮೆ ವೇಗದಲ್ಲಿ ಓಡುತ್ತದೆ; ಓಡುವಾಗ ಕಾಂತದ ಗುರುತುಗಳು ಮತ್ತೆ ಸದ್ದಾಗುತ್ತವೆ. ಇಷ್ಟು ಸರಳವಾದ ಈ ವಸ್ತು ಭಾರತದಲ್ಲಿ ಮಾಡಿದ ಬದಲಾವಣೆ ದೊಡ್ಡದು. ಅಲ್ಲಿಯವರೆಗೆ ಹಾಡಿನ ವ್ಯಾಪಾರವೆಂದರೆ ಗ್ರಾಮಫೋನ್ ತಟ್ಟೆ. ತಟ್ಟೆಯೆಂದರೆ ಬಹುಮಟ್ಟಿಗೆ ಎಚ್.ಎಂ.ವಿ. ತಟ್ಟೆ ಒತ್ತುವ ಕಾರ್ಖಾನೆ ಕಟ್ಟಲು ಭಾರಿ ಬಂಡವಾಳ ಬೇಕು. ಕ್ಯಾಸೆಟ್ ನಕಲು ಮಾಡಲು ಒಂದು ಕೋಣೆ, ಕೆಲವು ಯಂತ್ರ ಸಾಕು. ಎಂಬತ್ತರ ದಶಕದಲ್ಲಿ ಟಿ–ಸೀರೀಸ್‌ನಂಥ ಕಂಪನಿಗಳು ಬೆಳೆದದ್ದು ಹೀಗೆ. ಅಮೆರಿಕದ ಸಂಗೀತ ವಿದ್ವಾಂಸ ಪೀಟರ್ ಮ್ಯಾನ್ಯುಯೆಲ್ 1993ರಲ್ಲಿ ಪ್ರಕಟಿಸಿದ ‘ಕ್ಯಾಸೆಟ್ ಕಲ್ಚರ್’ ಗ್ರಂಥದಲ್ಲಿ ಉತ್ತರ ಭಾರತದ ಈ ಬದಲಾವಣೆಯನ್ನು ವಿವರವಾಗಿ ದಾಖಲಿಸಿದ್ದಾರೆ. ದೊಡ್ಡ ಕಂಪನಿಯ ಹಿಡಿತ ಸಡಿಲವಾದಾಗ ಸಣ್ಣ ಭಾಷೆ, ಸಣ್ಣ ಊರು, ಸಣ್ಣ ದೇವರುಗಳ ಹಾಡಿಗೂ ಮಾರುಕಟ್ಟೆ ಸಿಕ್ಕಿತು ಎಂಬುದು ಅವರ ಮಾತಿನ ಸಾರ.

ಕನ್ನಡದಲ್ಲಿ ಈ ಬಾಗಿಲು ತೆರೆದದ್ದು ಸಿನಿಮಾ ಅಲ್ಲ, ಕವಿತೆ ಎಂಬುದು ಗಮನಾರ್ಹ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಎಂದು ಅದನ್ನು ಗುರುತಿಸುತ್ತಾರೆ. ಆ ಬಳಿಕ ಸಿ. ಅಶ್ವತ್ಥ್ ಅವರ ದನಿಯಲ್ಲಿ ಶಿಶುನಾಳ ಷರೀಫರ ತತ್ವಪದಗಳು ಕ್ಯಾಸೆಟ್ಟಿಗೆ ಇಳಿದವು, 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ತೆರೆಗೂ ಬಂತು. ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದಿದ್ದ ಶಿವಮೊಗ್ಗ ಸುಬ್ಬಣ್ಣ ಹೊನ್ನಾಳಿ, ನ್ಯಾಮತಿಯವರ ಪಾಲಿಗೆ ತಮ್ಮದೇ ಜಿಲ್ಲೆಯ ಗಾಯಕ. ಪಾಶ್ಚಾತ್ಯ ದೇಶಗಳಲ್ಲಿ ಪಾಪ್ ಗಾಯಕರು ಪಡೆದ ಸ್ಥಾನವನ್ನು, ಅಂದರೆ ಸಿನಿಮಾದ ಹಂಗಿಲ್ಲದೆ ಕೇವಲ ಹಾಡಿನಿಂದ ಮನೆಮಾತಾಗುವ ಸ್ಥಾನವನ್ನು, ಕನ್ನಡದಲ್ಲಿ ಮೊದಲು ಪಡೆದವರು ಈ ಭಾವಗೀತೆಯ ಗಾಯಕರು.

‘ಪ್ರೇಮಲೋಕ’ದ ದಾರಿ

ಸಿನಿಮಾ ಹಾಡಿನ ತಿರುವು ಬಂದದ್ದು 1987ರಲ್ಲಿ. ರವಿಚಂದ್ರನ್ ನಿರ್ಮಿಸಿ, ನಿರ್ದೇಶಿಸಿ, ನಟಿಸಿದ ‘ಪ್ರೇಮಲೋಕ’ಕ್ಕೆ ಸಾಹಿತ್ಯವನ್ನೂ ಸಂಗೀತವನ್ನೂ ಒದಗಿಸಿದವರು ಹಂಸಲೇಖ. ಕಥೆಗೆ 1982ರ ಅಮೆರಿಕನ್ ಚಿತ್ರ ‘ಗ್ರೀಸ್ 2’ರ ಛಾಯೆ ಇತ್ತು. ಕಾಲೇಜು, ಮೋಟಾರ್ ಸೈಕಲ್, ಚರ್ಮದ ಜಾಕೀಟು, ಡ್ರಮ್ಸ್, ಬೇಸ್ ಗಿಟಾರ್: ಅಮೆರಿಕದ ರಾಕ್ ಅಂಡ್ ರೋಲ್ ಕಾಲದ ಈ ಸರಕು ಕನ್ನಡದ ಮಾತಿನ ಲಯಕ್ಕೆ ಹೊಂದಿಕೊಂಡು ಬಂತು. ಹಂಸಲೇಖ ಪುಸ್ತಕದ ಭಾಷೆಯನ್ನು ಬಿಟ್ಟು ಆಡುಮಾತನ್ನು, ಕೆಲವೊಮ್ಮೆ ಬಿಡಿ ಸಂಭಾಷಣೆಯನ್ನೇ ಹಾಡಾಗಿಸಿದರು. ಬೆಂಗಳೂರಿನ ಲಹರಿ ಸಂಸ್ಥೆ ಹೊರತಂದ ಅದರ ಕ್ಯಾಸೆಟ್ ಕನ್ನಡ ಧ್ವನಿಸುರುಳಿ ವ್ಯಾಪಾರದ ಗತಿಯನ್ನೇ ಬದಲಿಸಿತು. ಚಿತ್ರ ಬರುವ ಮುನ್ನವೇ ಹಾಡು ಊರಿಗೆ ಬರಬೇಕು ಎಂಬ ನಿಯಮ ಗಟ್ಟಿಯಾದದ್ದು ಆ ವರ್ಷಗಳಲ್ಲೇ.

ಹಾಡು ಮುದ್ರಣವೂ ಆ ಹೊತ್ತಿಗೆ ಕರ್ನಾಟಕಕ್ಕೆ ಮರಳುತ್ತಿತ್ತು. ಹಿಂದೆ ಕನ್ನಡ ಚಿತ್ರದ ಹಾಡುಗಳು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೋಗಳಲ್ಲೇ ಹುಟ್ಟಬೇಕಿತ್ತು. ಬೆಂಗಳೂರಿನಲ್ಲಿ ‘ಸಂಕೇತ್’ ಎಂಬ ಧ್ವನಿಮುದ್ರಣ ಸ್ಟುಡಿಯೋ ಕಟ್ಟಿ ಆ ಅವಲಂಬನೆಯನ್ನು ತಗ್ಗಿಸಲು ಹೊರಟವರಲ್ಲಿ ಶಂಕರ್‌ನಾಗ್ ಪ್ರಮುಖರು. ಅವರ ಕುರಿತ ನೆನಪುಗಳಲ್ಲಿ ಹೊಡೆದಾಟದ ಪಾತ್ರ, ಆಟೋ, ಅಪಘಾತ ಇವೆಲ್ಲ ಇವೆ. ಸ್ಟುಡಿಯೋದ ಹೆಸರು ಅಪರೂಪಕ್ಕೆ ಬರುತ್ತದೆ.

ಸಣ್ಣ ಊರಿಗೆ ಕ್ಯಾಸೆಟ್ ತಲುಪಿದ ಬಗೆಯೂ ವಿಶಿಷ್ಟ. ಹಣವುಳ್ಳವರು ಕಂಪನಿಯ ಕ್ಯಾಸೆಟ್ ಕೊಳ್ಳುತ್ತಿದ್ದರು. ಹೆಚ್ಚಿನವರು ಕೊಂಡದ್ದು ಖಾಲಿ ಕ್ಯಾಸೆಟ್. ಬಸ್ ನಿಲ್ದಾಣದ ಬಳಿಯ ರೆಕಾರ್ಡಿಂಗ್ ಅಂಗಡಿಗೆ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಎರಡು ಮೂರು ದಿನದಲ್ಲಿ ತುಂಬಿಸಿ ಕೊಡುತ್ತಿದ್ದರು. 60 ನಿಮಿಷದ ಕ್ಯಾಸೆಟ್ಟಿಗೆ ಐದೈದು ನಿಮಿಷದ ಹನ್ನೆರಡು ಹಾಡು. ಆ ಹನ್ನೆರಡನ್ನು ಆರಿಸುವುದೇ ಒಂದು ವಿಮರ್ಶೆ. ಯಾವುದನ್ನು ಬಿಡಬೇಕು, ಯಾವುದರ ಬಳಿಕ ಯಾವುದು ಬರಬೇಕು ಎಂದು ಮನೆಮಂದಿ, ಗೆಳೆಯರು ಕೂತು ಚರ್ಚಿಸಿದ ಪಟ್ಟಿ ಅದು. ಕಾನೂನಿನ ಕಣ್ಣಿನಲ್ಲಿ ಇದು ಕೃತಿಸ್ವಾಮ್ಯದ ಉಲ್ಲಂಘನೆ. ಹಾಡು ಕಟ್ಟಿದವರಿಗೆ ಇದರಿಂದ ಬಿಡಿಗಾಸೂ ದಕ್ಕಲಿಲ್ಲ. ಹಾಗೆಂದು ಈ ಅಂಗಡಿಗಳಿಲ್ಲದೆ ಹಾಡುಗಳು ಹಳ್ಳಿಯ ಒಳಗಿನವರೆಗೆ ಹೋಗುತ್ತಿದ್ದವು ಎನ್ನಲೂ ಆಗದು.

ಹರಿದ ಪಟ್ಟಿಯನ್ನು ಅಂಟಿಸುವುದು, ಸುತ್ತಿಕೊಂಡದ್ದನ್ನು ಪೆನ್ಸಿಲ್ ತೂರಿಸಿ ಬಿಡಿಸುವುದು, ಅಳಿಸಿಹೋಗದಂತೆ ಮೇಲಂಚಿನ ಕಿರುಪಟ್ಟಿ ಮುರಿದಿಡುವುದು ಮನೆಗೆಲಸದ ಭಾಗವಾದವು. ಅಡಿಕೆ ಕೈಗೆ ಹತ್ತಿದ ಮನೆಗಳಲ್ಲಿ ಟೂ–ಇನ್–ಒನ್ ಬಂತು. ಇಲ್ಲದವರಿಗೆ ಮದುವೆ ಮನೆಯ ಮೈಕ್ ಸೆಟ್, ಗಣೇಶನ ಚಪ್ಪರ, ಖಾಸಗಿ ಬಸ್ಸು ಇದ್ದೇ ಇದ್ದವು. ಕ್ಯಾಸೆಟ್ ಒಬ್ಬರ ಸ್ವತ್ತು. ಅದರ ಹಾಡು ಬೀದಿಯ ಸ್ವತ್ತು.

ಊರ ಬಾಯಿ, ಅಚ್ಚಿನ ಬಾಯಿ

ತಾರೆಯರ ಕುರಿತ ಗಾಳಿಮಾತು ಸಿನಿಮಾದೊಂದಿಗೆ ಹುಟ್ಟಿದ್ದಲ್ಲ. ಕಂಪನಿ ನಾಟಕಗಳ ಕಾಲದಲ್ಲಿ ತಿಂಗಳುಗಟ್ಟಲೆ ಊರಲ್ಲಿ ಬಿಡಾರ ಹೂಡಿದ ನಟನಟಿಯರ ಬದುಕು ಸಂತೆಯ ಮಾತಾಗುತ್ತಿತ್ತು. ಆದರೆ ಅಲ್ಲಿ ಒಂದು ಕಡಿವಾಣವಿತ್ತು: ರಾತ್ರಿ ರಂಗದ ಮೇಲೆ ರಾಣಿಯಾದವರು ಬೆಳಿಗ್ಗೆ ಅದೇ ಸಂತೆಯಲ್ಲಿ ತರಕಾರಿ ಕೊಳ್ಳುತ್ತಿದ್ದರು. ಮಾತಾಡಿದವರೂ ಮಾತಿಗೆ ಗುರಿಯಾದವರೂ ಎದುರುಬದುರಾಗುತ್ತಿದ್ದರು. ಸಿನಿಮಾ ಆ ಎದುರುಗಾಣುವಿಕೆಯನ್ನು ಇಲ್ಲವಾಗಿಸಿತು. ಕಾಣದವರ ಕುರಿತು ಏನನ್ನಾದರೂ ಹೇಳಬಹುದಾಯಿತು.

ಅದಕ್ಕೆ ಅಚ್ಚಿನ ರೂಪ ಕೊಟ್ಟದ್ದು ಸಿನಿಮಾ ಪತ್ರಿಕೆಗಳು. ಮಣಿಪಾಲದ ‘ರೂಪತಾರಾ’, ಮದ್ರಾಸಿನಿಂದ ಬರುತ್ತಿದ್ದ ‘ವಿಜಯಚಿತ್ರ’, ತೊಂಬತ್ತರ ದಶಕದಲ್ಲಿ ಜನಪ್ರಿಯವಾಗಿದ್ದ ‘ಅರಗಿಣಿ’ ಮೊದಲಾದವು ಚಿತ್ರ ವಿಮರ್ಶೆ, ಸಂದರ್ಶನ, ನಡುಪುಟದ ಬಣ್ಣದ ಚಿತ್ರಗಳೊಂದಿಗೆ ಗುಸುಗುಸುವಿಗೂ ಜಾಗ ಕೊಡುತ್ತಿದ್ದವು. ದಿನಪತ್ರಿಕೆಗಳ ಸಿನಿಮಾ ಪುಟ, ಟ್ಯಾಬ್ಲಾಯ್ಡ್ ವಾರಪತ್ರಿಕೆಗಳು ಇವಕ್ಕೆ ಜೊತೆಯಾದವು. ಇಂಥ ಅಂಕಣಕ್ಕೆ ತನ್ನದೇ ವ್ಯಾಕರಣವಿತ್ತು. ಹೆಸರು ಹೇಳುವುದಿಲ್ಲ, ಮೊದಲ ಅಕ್ಷರ ಹೇಳುತ್ತದೆ. ಕ್ರಿಯಾಪದ ‘ಅಂತೆ’ಯಲ್ಲಿ ಮುಗಿಯುತ್ತದೆ. ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ‘ಅಂತೆ’ ಎಂಬ ಎರಡಕ್ಷರ ಬರೆದವನನ್ನು ಹೊಣೆಯಿಂದ ಪಾರು ಮಾಡುತ್ತದೆ. ಓದಿದವನು ಅದನ್ನು ಬಿಟ್ಟು ‘ಹೌದು’ ಎಂದು ಮುಂದಿನವನಿಗೆ ದಾಟಿಸುತ್ತಾನೆ. ಕ್ಷೌರದಂಗಡಿಯಲ್ಲಿ ಒಂದು ಪ್ರತಿಗೆ ನೂರು ಓದುಗರು. ಓದದೆ ಕೇಳಿಸಿಕೊಂಡವರು ಇನ್ನೂ ಹೆಚ್ಚು.

ಸುದ್ದಿಯ ವೇಗಕ್ಕೆ ಯಂತ್ರವೇ ಬೇಕೆಂದಿಲ್ಲ ಎಂಬುದಕ್ಕೆ ಆ ದಶಕದ ಇನ್ನೊಂದು ಸಾಕ್ಷಿ ಉಂಟು. ರಾತ್ರಿ ಬಾಗಿಲು ಬಡಿಯುವ ದೆವ್ವದ ವದಂತಿಗೆ ಹೆದರಿ ಕರ್ನಾಟಕದ ಊರೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡ ಕಾಲ ಅದು. ಫೋನು ಅಪರೂಪವಾಗಿದ್ದ ದಿನಗಳಲ್ಲಿ ಒಂದು ವದಂತಿ ಇಡೀ ನಾಡಿನ ಕದಗಳ ಮೇಲೆ ತನ್ನ ಸಹಿ ಹಾಕಿಸಿತು.

ಗಾಳಿಮಾತಿನ ಪೆಟ್ಟು ಎಲ್ಲರಿಗೂ ಸಮನಾಗಿ ಬೀಳಲಿಲ್ಲ. 1989ರ ‘ನಂಜುಂಡಿ ಕಲ್ಯಾಣ’ದಿಂದ ಮನೆಮಾತಾದ ಮಾಲಾಶ್ರೀ, ನಾಯಕಿಯ ಹೆಸರಿನಲ್ಲೇ ಚಿತ್ರಮಂದಿರ ತುಂಬಬಹುದೆಂದು ತೋರಿಸಿದವರು. ಒಂದೇ ವರ್ಷದಲ್ಲಿ ಹಲವು ಚಿತ್ರಗಳು ಅವರನ್ನು ನೆಚ್ಚಿ ಬಂದವು. ಅಷ್ಟು ದುಡಿಮೆಯ ಸುದ್ದಿಗಿಂತ ಅವರ ಖಾಸಗಿ ಬದುಕಿನ ಊಹೆಗೆ ಸಿಕ್ಕ ಜಾಗ ದೊಡ್ಡದು. 1994ರಲ್ಲಿ ನಟ ಸುನಿಲ್ ಕಾರು ಅಪಘಾತದಲ್ಲಿ ತೀರಿಕೊಂಡಾಗ ಜೊತೆಗಿದ್ದ ಮಾಲಾಶ್ರೀ ಗಾಯಗೊಂಡರು. ಆಗಲೂ ದುಃಖಕ್ಕೆ ಬೇಕಾದ ಮೌನವನ್ನು ಗಾಳಿಮಾತು ಕೊಡಲಿಲ್ಲ. ನಟರ ವಿಷಯದಲ್ಲಿ ರಸಿಕತೆ ಎನಿಸಿದ್ದು ನಟಿಯರ ವಿಷಯದಲ್ಲಿ ಕಳಂಕವಾಗುವ ತಕ್ಕಡಿ ಊರಿನದೂ ಹೌದು, ಪತ್ರಿಕೆಗಳದೂ ಹೌದು.

ಹಾಡಿದವರು ಮಾತ್ರ ಈ ಬಿರುಗಾಳಿಯಿಂದ ಬಹುಮಟ್ಟಿಗೆ ಹೊರಗುಳಿದರು. ‘ನಂಜುಂಡಿ ಕಲ್ಯಾಣ’ದಲ್ಲಿ ಮಾಲಾಶ್ರೀ ಅವರ ಅಮಲಿನ ಹಾಡಿಗೆ ದನಿಯಾದವರು ಮಂಜುಳಾ ಗುರುರಾಜ್. ಹಾಡು ಮೈಕ್ ಸೆಟ್ಟುಗಳನ್ನು ಆಳಿತು. ದನಿಯ ಒಡತಿ ಬೀದಿಯಲ್ಲಿ ನಡೆದುಹೋದರೂ ಗುರುತು ಹಿಡಿಯುವವರು ಕಡಿಮೆ. ಕ್ಯಾಸೆಟ್ ಡಬ್ಬಿಯ ಕಾಗದವನ್ನು ನೋಡಿದರೆ ಇದರ ಕಾರಣ ಕಾಣುತ್ತದೆ. ನಾಯಕ ನಾಯಕಿಯರ ಮುಖ ಕಾಗದದ ತುಂಬ. ಗಾಯಕರ ಹೆಸರು ಭೂತಗನ್ನಡಿಗೆ ತಕ್ಕ ಅಕ್ಷರದಲ್ಲಿ. ಗಾಳಿಮಾತು ಮುಖವನ್ನು ಹಿಡಿಯುತ್ತದೆ, ದನಿಯನ್ನಲ್ಲ.

ಗಾಳಿಮಾತಿಗೆ ಮದ್ದೂ ಇದೇ ಸೀಮೆಯಲ್ಲಿತ್ತು. ದಾವಣಗೆರೆ ಜಿಲ್ಲೆಯಾದಾಗ ಮುಖ್ಯಮಂತ್ರಿಯಾಗಿದ್ದವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು. ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿ ಹೆಸರಾದ ಈ ಸಮಾಜವಾದಿ ತಮ್ಮ ಖಾಸಗಿ ದೌರ್ಬಲ್ಯಗಳ ಕುರಿತೂ ಮುಚ್ಚುಮರೆಯಿಲ್ಲದೆ, ನಗುನಗುತ್ತ ಹೇಳಿಕೊಂಡವರು. ಅದನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಬಚ್ಚಿಟ್ಟದ್ದೇನೂ ಇಲ್ಲದಿದ್ದರೆ ಪಿಸುಮಾತಿಗೆ ಬಂಡವಾಳವಿಲ್ಲ ಎಂಬ ಸರಳ ಸತ್ಯವನ್ನು ಅವರು ತೋರಿಸಿಕೊಟ್ಟರು. ಅಂಥ ಅನುಕೂಲ ಒಬ್ಬ ಮುಖ್ಯಮಂತ್ರಿಗಿತ್ತು. ಇಪ್ಪತ್ತು ವರ್ಷದ ನಟಿಗಿರಲಿಲ್ಲ.

ಮಲೇಬೆನ್ನೂರಿನ ಲೇಖಕ, ದಾವಣಗೆರೆಯ ಕಂಪನಿ

ಎಲ್ಲ ಗಾಳಿಮಾತೂ ಬೇಗ ಸಾಯುವುದಿಲ್ಲ. 1973ರ ‘ಗಂಧದ ಗುಡಿ’ ಚಿತ್ರೀಕರಣದ ಸುತ್ತ ಹುಟ್ಟಿದ ಮಾತೊಂದು ರಾಜ್‌ಕುಮಾರ್ ಮತ್ತು ವಿಷ್ಣುವರ್ಧನ್ ಅಭಿಮಾನಿಗಳ ನಡುವೆ ಗೋಡೆ ಎಬ್ಬಿಸಿತು. ತೊಂಬತ್ತರ ದಶಕದ ಹುಡುಗರು ತಾವು ಹುಟ್ಟುವ ಮೊದಲಿನ ಆ ಜಗಳವನ್ನು ಪಿತ್ರಾರ್ಜಿತ ಆಸ್ತಿಯಂತೆ ಹೊತ್ತು ತಿರುಗಿದರು. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ತೀರಿಕೊಂಡ ಮೇಲೂ ಅದು ಪೂರ್ತಿ ಆರಲಿಲ್ಲ.

ವಿಪರ್ಯಾಸವೆಂದರೆ, ಅಭಿಮಾನಿಗಳು ಎರಡಾಗಿಸಿಕೊಂಡ ಈ ಇಬ್ಬರ ಚಿತ್ರಬದುಕನ್ನು ಒಂದುಗೂಡಿಸುವ ಎಳೆ ಇದೇ ಸೀಮೆಯಲ್ಲಿದೆ. ಹರಿಹರದಿಂದ ಹೊನ್ನಾಳಿಗೆ ಹೋಗುವ ದಾರಿಯಲ್ಲಿ ಮಲೇಬೆನ್ನೂರು ಸಿಗುತ್ತದೆ. ಕಾದಂಬರಿಕಾರ ತ.ರಾ. ಸುಬ್ಬರಾಯರು 1920ರಲ್ಲಿ ಹುಟ್ಟಿದ ಊರದು. ಅವರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಮಾಡಿದರು. ವಿಷ್ಣುವರ್ಧನ್ ನಾಯಕರಾಗಿ ಮೂಡಿದ್ದು ಅಲ್ಲಿ. ಅವರದೇ ಬೇರೆ ಮೂರು ಕಾದಂಬರಿಗಳನ್ನು ಹೆಣೆದು ನಾಗಾಭರಣ 1993ರಲ್ಲಿ ರಾಜ್‌ಕುಮಾರ್ ನಾಯಕರಾಗಿ ‘ಆಕಸ್ಮಿಕ’ ಮಾಡಿದರು. ಹುಬ್ಬಳ್ಳಿಯ ಬೀದಿಯಲ್ಲಿ ಚಿತ್ರಿತವಾದ ಅದರ ನಾಡಿನ ಹಾಡು, ಹಂಸಲೇಖ ಅವರ ರಚನೆ, ಇಂದಿಗೂ ಪ್ರತಿ ನವೆಂಬರ್ 1ರಂದು ಊರೂರಿನಲ್ಲಿ ಕೇಳಿಬರುತ್ತದೆ. ಹಾಡಿಗೆ ಕುಣಿಯುವವರಲ್ಲಿ ಇಬ್ಬರು ನಟರ ಅಭಿಮಾನಿಗಳೂ ಇರುತ್ತಾರೆ. ಇಬ್ಬರಿಗೂ ಕಥೆ ಒದಗಿಸಿದ ಲೇಖಕ ಪಕ್ಕದ ಊರಿನವನೆಂಬ ಮಾತು ಅಲ್ಲಿ ಬರುವುದು ಕಡಿಮೆ.

ಇನ್ನೊಂದು ಉದಾಹರಣೆ ಇನ್ನೂ ಹತ್ತಿರದ್ದು. ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ವೃತ್ತಿರಂಗಭೂಮಿಯ ದೊಡ್ಡ ಹೆಸರುಗಳಲ್ಲೊಂದು. ಸಾವಿರಕ್ಕೂ ಹೆಚ್ಚು ಪ್ರಯೋಗ ಕಂಡ ‘ಪೊಲೀಸನ ಮಗಳು’ ನಾಟಕದ ಚಿಂದೋಡಿ ಲೀಲಾ 1988ರಲ್ಲಿ ಪದ್ಮಶ್ರೀ ಪಡೆದವರು. ಸಿನಿಮಾ ಮತ್ತು ಟಿ.ವಿ. ಹೊಡೆತಕ್ಕೆ ನಾಟಕ ಕಂಪನಿಗಳು ನಲುಗುತ್ತಿದ್ದ ಹೊತ್ತಿನಲ್ಲಿ ಈ ಮನೆತನ ತಾನೇ ಒಂದು ಚಿತ್ರಕ್ಕೆ ಕೈಹಾಕಿತು: ಚಿಂದೋಡಿ ಬಂಗಾರೇಶ್ ನಿರ್ದೇಶನದ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರಿ ಗವಾಯಿ’ (1995). ಗದುಗಿನ ಅಂಧ ಸಂಗೀತಗಾರ, ನೂರಾರು ಅಂಧ ಮಕ್ಕಳಿಗೆ ಸಂಗೀತವನ್ನೇ ಕಣ್ಣಾಗಿಸಿದ ಗುರುವಿನ ಕಥೆ. ಚಿತ್ರದ ಹಾಡಿಗಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಸಂಗೀತಕ್ಕಾಗಿ ಹಂಸಲೇಖ ಇಬ್ಬರೂ ರಾಷ್ಟ್ರಪ್ರಶಸ್ತಿ ಪಡೆದರು. ಎಸ್.ಪಿ.ಬಿ. ಅವರ ಆರು ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡದ ಪಾಲಿನದು ಇದೊಂದೇ.

‘ಪ್ರೇಮಲೋಕ’ದ ಡ್ರಮ್ಸ್‌ನಿಂದ ಹೆಸರಾದ ಸಂಗೀತಗಾರನಿಗೆ ದೇಶದ ಮನ್ನಣೆ ತಂದುಕೊಟ್ಟದ್ದು ಶಾಸ್ತ್ರೀಯ ಸಂಗೀತದ ಚಿತ್ರ, ಆ ಚಿತ್ರದ ಹಿಂದಿದ್ದದ್ದು ಚನ್ನಗಿರಿಗೂ ಜಗಳೂರಿಗೂ ಪರಿಚಿತವಾದ ನಾಟಕದ ಮನೆತನ. ಆದರೆ ತೊಂಬತ್ತರ ದಶಕದ ಹಾಡುಗಳ ಜನಪ್ರಿಯ ಪಟ್ಟಿಗಳಲ್ಲಿ ಇದು ಸೇರುವುದು ಕಡಿಮೆ. ಇದರಲ್ಲಿ ಗುಸುಗುಸುವಿಗೆ ತಕ್ಕ ಜೋಡಿ ಇರಲಿಲ್ಲ. ಪಟ್ಟಿಯಲ್ಲಿ ಉಳಿಯಲು ಹಾಡಿಗೆ ರಾಗದ ಜೊತೆಗೆ ಮುಖವೂ, ಮುಖದ ಜೊತೆಗೆ ಸುದ್ದಿಯೂ ಬೇಕಾಯಿತೆಂದು ತೋರುತ್ತದೆ.

ವಾಹಿನಿ ಬಂತು, ಪಟ್ಟಿ ಕಡಿಯಿತು

ದಶಕದ ನಡುವೆ ಹಾದಿಗಳು ಬದಲಾದವು. 1994ರಲ್ಲಿ ಉದಯ ಟಿ.ವಿ. ಆರಂಭವಾಯಿತು. ದೂರದರ್ಶನದ ‘ಚಿತ್ರಮಂಜರಿ’ಗಾಗಿ ವಾರವಿಡೀ ಕಾಯುತ್ತಿದ್ದವರ ಮನೆಗೆ ಹಾಡು ದಿನವಿಡೀ ಹರಿಯತೊಡಗಿತು. ಕೇಬಲ್ ಬಂದ ಮನೆಗಳಲ್ಲಿ ಎಂ ಟಿ.ವಿ., ಚಾನೆಲ್ ವಿ, ಅಲಿಶಾ ಚಿನಾಯ್, ದಲೇರ್ ಮೆಹಂದಿ ಕಂಡರು. ಹಾಡನ್ನು ಕೇಳುವ ಬದಲು ನೋಡುವ ಅಭ್ಯಾಸ ಬಲಿಯಿತು.

1998ರಲ್ಲಿ ಬಂದ ಉಪೇಂದ್ರರ ‘ಎ’ ಈ ಬದಲಾವಣೆಯ ಗುರುತು. ಗುರುಕಿರಣ್ ಅವರ ಮೊದಲ ಚಿತ್ರಸಂಗೀತದಲ್ಲಿ ಪಾಪ್, ರಾಕ್‌ಗಳ ಒರಟು ಸದ್ದು ನೇರವಾಗಿ ಕೇಳಿಸಿತು. ಕಥೆಯೂ ಅಷ್ಟೇ ನೇರ: ಒಬ್ಬ ಚಿತ್ರ ನಿರ್ದೇಶಕ, ಒಬ್ಬ ನಟಿ, ತೆರೆಯ ಹಿಂದಿನ ವ್ಯವಹಾರ. ಅದುವರೆಗೆ ಪತ್ರಿಕೆಯ ಅಂಕಣದಲ್ಲಿ ‘ಅಂತೆ’ ಎಂದು ಬರುತ್ತಿದ್ದದ್ದು ಇಲ್ಲಿ ಕಥೆಯಾಗಿ ತೆರೆಯ ಮೇಲೇ ಬಂತು. ಹಾಡು ಮತ್ತು ಗಾಳಿಮಾತು ಒಂದೇ ಟಿಕೆಟ್ಟಿಗೆ ಸಿಕ್ಕವು.

2000ದ ಜುಲೈ 30ರ ರಾತ್ರಿ ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ವೀರಪ್ಪನ್ ಅಪಹರಿಸಿದ. 108 ದಿನಗಳ ಬಳಿಕ, ನವೆಂಬರ್ 15ರಂದು ಬಿಡುಗಡೆಯಾಯಿತು. ಆನಗೋಡಿನ ಅಪಘಾತದಂದು ಸುದ್ದಿಯ ಬರವಿತ್ತು. ಹತ್ತು ವರ್ಷಗಳ ಬಳಿಕ ಸುದ್ದಿಯ ಪ್ರವಾಹವಿತ್ತು. ಎರಡು ಸಲವೂ ವದಂತಿ ಬೆಳೆಯಿತು. ಸುದ್ದಿ ಬೇಗ ಬಂದರೆ ಗಾಳಿಮಾತು ಅಡಗುತ್ತದೆಂಬ ನಂಬಿಕೆ ಹುಸಿಯಾಯಿತು. ಅದಾಗಿ ಕೆಲವೇ ವರ್ಷಗಳಲ್ಲಿ ನೂರು ಹಾಡು ಹಿಡಿಸುವ ಎಂಪಿ3 ಸಿ.ಡಿ. ಬಂತು, ಮೊಬೈಲು ಬಂತು. ರೆಕಾರ್ಡಿಂಗ್ ಅಂಗಡಿಗಳು ಮೊಬೈಲ್ ಅಂಗಡಿಗಳಾದವು, ಇಲ್ಲವೇ ಕದ ಮುಚ್ಚಿದವು. ಹನ್ನೆರಡು ಹಾಡು ಆರಿಸಬೇಕಾದ ಕಷ್ಟ ತಪ್ಪಿತು. ಆರಿಸುವ ಸುಖವೂ ಹೋಯಿತು.

ಹಂಬಲದ ಲೆಕ್ಕ

ಈಗ ಆ ದಶಕಕ್ಕೆ ಮತ್ತೆ ಬೇಡಿಕೆ. ‘ಓಂ’ (1995) ನೂರಾರು ಸಲ ಮರುಬಿಡುಗಡೆ ಕಂಡಿದೆ. ‘ಎ’ ಮತ್ತು ‘ಉಪೇಂದ್ರ’ 2024ರಲ್ಲಿ ಮತ್ತೆ ತೆರೆಗೆ ಬಂದವು. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಜೂನಿಯರ್ ರಾಜ್‌ಕುಮಾರ್, ಜೂನಿಯರ್ ವಿಷ್ಣುವರ್ಧನ್ ಒಂದೇ ವೇದಿಕೆಯ ಮೇಲೆ ಹಾಡಿ, ಒಂದೇ ವ್ಯಾನಿನಲ್ಲಿ ಮುಂದಿನ ಊರಿಗೆ ಹೋಗುತ್ತಾರೆ. ಆಟೋ ನಿಲ್ದಾಣಗಳಿಗೆ ಇಂದಿಗೂ ಶಂಕರ್‌ನಾಗ್ ಹೆಸರೇ. ಅವರು ತೀರಿಕೊಂಡ ಬಳಿಕ ಹುಟ್ಟಿದ ಚಾಲಕರು ಅವರ ಚಿತ್ರಕ್ಕೆ ಹಾರ ಹಾಕುತ್ತಾರೆ.

ಈ ಹಂಬಲವನ್ನು ಹಳೆಯದರ ಮೋಹವೆಂದು ತಳ್ಳಿಹಾಕುವುದು ಸುಲಭ. ಜನ ನಿಜವಾಗಿ ಹಂಬಲಿಸುತ್ತಿರುವುದು ಬಹುಶಃ ಹಾಡಿಗಲ್ಲ, ಹಾಡು ಈಗ ಬೆರಳ ತುದಿಯಲ್ಲೇ ಇದೆ. ಬಸ್ಸಿನಲ್ಲಿ ಐವತ್ತು ಮಂದಿ ಒಟ್ಟಿಗೆ, ಬೇಕಿರಲಿ ಬೇಡದಿರಲಿ, ಒಂದೇ ಹಾಡು ಕೇಳಿದ್ದಕ್ಕೆ. ಪಟ್ಟಿ ಬರೆದು ಮೂರು ದಿನ ಕಾದದ್ದಕ್ಕೆ. ಕಾದು ಪಡೆದದ್ದು, ಹಂಚಿ ಕೇಳಿದ್ದು ನೆನಪಿನಲ್ಲಿ ನಿಂತಿದೆ. ಕಾಯದೆ ಸಿಕ್ಕ ಗಾಳಿಮಾತಿನಲ್ಲಿ ಹೆಚ್ಚಿನದು ಮರೆತುಹೋಗಿದೆ. ಯಾವ ನಟಿಯ ಮೊದಲ ಅಕ್ಷರ ಯಾವ ಸಂಚಿಕೆಯಲ್ಲಿ ಬಂದಿತ್ತೆಂದು ಇಂದು ಹೇಳಬಲ್ಲವರು ವಿರಳ. ಆದರೆ ಅದು ಮಾಡಿದ ಗಾಯ, ಎಬ್ಬಿಸಿದ ಗೋಡೆ ಉಳಿದಿವೆ. ಅದಕ್ಕಿಂತ ಹೆಚ್ಚಾಗಿ, ಯಾರನ್ನು ನೆನೆಯಬೇಕು, ಯಾರನ್ನು ಬಿಡಬೇಕು ಎಂದು ಅದು ಅಂದು ಮಾಡಿದ ತೀರ್ಮಾನ ಇಂದಿನ ನೆನಪನ್ನೂ ಆಳುತ್ತಿದೆ.

ಆದ್ದರಿಂದ ತೊಂಬತ್ತರ ದಶಕದ ಇತಿಹಾಸ ಬರೆಯುವವರಿಗೆ ಪತ್ರಿಕೆಗಳ ಕಟ್ಟು ಒಂದೇ ಸಾಲದು. ಚನ್ನಗಿರಿಯ ಅಟ್ಟದ ಮೇಲೂ ಜಗಳೂರಿನ ಗೂಡಿನಲ್ಲೂ ಧೂಳು ಹಿಡಿದಿರುವ ಕ್ಯಾಸೆಟ್ಟುಗಳಿವೆ. ಅವುಗಳ ಮೇಲೆ ಕೈಬರಹದಲ್ಲಿ ಹನ್ನೆರಡು ಹಾಡುಗಳ ಪಟ್ಟಿಗಳಿವೆ. ಕಾಂತದ ಪಟ್ಟಿ ಶಾಶ್ವತವಲ್ಲ. ತೇವಕ್ಕೆ ಬೂಷ್ಟು ಹಿಡಿದು, ಲೇಪ ಉದುರಿ ಅದು ಮೂಕವಾಗುತ್ತದೆ. ಒಂದು ಸೀಮೆಯ ಜನ ತಾವಾಗಿ ಆರಿಸಿಕೊಂಡದ್ದೇನು ಎಂಬುದಕ್ಕೆ ಆ ಪಟ್ಟಿಗಳಿಗಿಂತ ನಂಬಲರ್ಹ ದಾಖಲೆ ಬೇರೆ ಇರಲಾರದು. ಅವುಗಳಲ್ಲಿ ಒಂದೂ ‘ಅಂತೆ’ ಇಲ್ಲ.